ಹಳೆಯ ಎಲೆಕ್ಟ್ರಿಕ್ ರೀಡ್ ಆರ್ಗನ್ ರೆಕಾರ್ಡಿಂಗ್: ಮೋಟಾರಿನ ಸದ್ದಿಗೆ ಯಾವ ಮದ್ದು?

ಅಮೆರಿಕದ ನಮ್ಮ ಬೀದಿಯ ಗ್ಯಾರೇಜ್ ಸೇಲಿನಲ್ಲಿ 20 ಡಾಲರಿಗೆ ಸಿಕ್ಕ ಕಾರ್ಡ್ ಆರ್ಗನ್ ಒಂದನ್ನು ಮನೆಗೆ ತಂದು, ದೂಳು ಒರೆಸಿ, ಸ್ವಿಚ್ ಹಾಕಿದಾಗ ಮೊದಲು ಕೇಳಿಸಿದ್ದು ಮೋಟಾರು. ಎರಡು ಹಾಡು ಬಾರಿಸುವಷ್ಟರಲ್ಲಿ ಕಿವಿ ಅದಕ್ಕೆ ಒಗ್ಗಿಹೋಯಿತು. ರಾತ್ರಿ ರೆಕಾರ್ಡ್ ಮಾಡಿ ಹೆಡ್‌ಫೋನಿನಲ್ಲಿ ಕೇಳಿದಾಗ ಮನಸ್ಸು ಕುಗ್ಗಿತು. ನಿಧಾನಗತಿಯ ಒಂದು ದೇವರನಾಮ ಅದು. ಸಾಲು ಸಾಲಿನ ನಡುವೆ ಉಸಿರಿಗೆ ಬಿಟ್ಟ ಜಾಗದಲ್ಲೆಲ್ಲ ಗುಂಯ್ ಎನ್ನುವ ಫ್ಯಾನ್ ಕೂತಿತ್ತು.

ಇಂಥ ವಾದ್ಯ ಇಟ್ಟುಕೊಂಡವರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಒಳ್ಳೆಯ ಮೈಕ್ ಕೊಳ್ಳಲೇ, ಮೋಟಾರು ರಿಪೇರಿ ಮಾಡಿಸಲೇ, ಅದನ್ನು ಹೊರಗೇ ತೆಗೆದಿಡಲೇ, ಇಲ್ಲ ಸಾಫ್ಟ್‌ವೇರಿನಲ್ಲಿ ಅಳಿಸಿದರೆ ಸಾಕೇ? ನಾಲ್ಕೂ ಕೆಲಸ ಮಾಡುತ್ತವೆ. ನಾಲ್ಕಕ್ಕೂ ತೆರಬೇಕಾದ ಬೆಲೆ ಬೇರೆ ಬೇರೆ.

ವಾದ್ಯದ ಪರಿಚಯ ಇಲ್ಲದವರಿಗೆ ಒಂದು ಮಾತು. ಕಂಪನಿ ನಾಟಕದ ಲೆಗ್ ಹಾರ್ಮೋನಿಯಂ ನೋಡಿದವರು ಅದರ ಕಾಲುತಿದಿಯ ಜಾಗದಲ್ಲಿ ಒಂದು ವಿದ್ಯುತ್ ಫ್ಯಾನನ್ನು ಊಹಿಸಿಕೊಂಡರೆ ಸಾಕು. ಡೆನ್ಮಾರ್ಕಿನಿಂದ ಅಮೆರಿಕಕ್ಕೆ ಬಂದ ಫಿನ್ ಮ್ಯಾಗ್ನಸ್ ಪ್ಲಾಸ್ಟಿಕ್ ರೀಡಿನ, ಅಂದರೆ ಗಾಳಿಗೆ ನಡುಗಿ ಸ್ವರ ಹುಟ್ಟಿಸುವ ತೆಳು ಪಟ್ಟಿಯ, ಹಾರ್ಮೋನಿಕಾಗಳಿಂದ ಹೆಸರು ಮಾಡಿ, ಮುಂದೆ ಅದೇ ಬಗೆಯ ರೀಡುಗಳನ್ನು ಮೇಜಿನ ಮೇಲಿಡುವ ಆರ್ಗನ್ನಿಗೆ ತಂದರು. 1960ರ ದಶಕದಲ್ಲಿ ಅಮೆರಿಕದ ಎಷ್ಟೋ ಮನೆಗಳಲ್ಲಿ ಬಲಗೈಗೆ 37 ಮನೆಗಳು (ಒತ್ತುವ ಕೀಲಿಗಳು), ಎಡಗೈಗೆ ಹಲವು ಸ್ವರಗಳನ್ನು ಒಟ್ಟಿಗೆ ನುಡಿಸುವ ಕಾರ್ಡ್ ಗುಂಡಿಗಳು ಇರುವ ಈ ಪೆಟ್ಟಿಗೆ ಇತ್ತು. ಇಟಲಿಯ ಬಾಂಟೆಂಪಿಯೂ ಇದೇ ಜಾತಿಯ ವಾದ್ಯಗಳನ್ನು ಮಾಡಿತು. ಇವುಗಳಲ್ಲಿ ಫ್ಯಾನ್ ಗಾಳಿಯನ್ನು ರೀಡಿನ ಕಡೆ ಊದುತ್ತದೆ. ಅಮೆರಿಕದ ಹಳೆಯ ಕಾಲುತಿದಿಯ ಆರ್ಗನ್ನುಗಳಿಗೆ ಆಮೇಲೆ ಮೋಟಾರು ಕೂರಿಸಿದ್ದರೆ ಅಲ್ಲಿ ಗಾಳಿಯ ದಿಕ್ಕು ತಿರುಗುಮುರುಗು, ರೀಡಿನ ಮೂಲಕ ಒಳಕ್ಕೆ ಹೀರುತ್ತದೆ. ಮುಂದೆ ಮೋಟಾರನ್ನು ಹೊರಗಿಡುವ ಮಾತು ಬಂದಾಗ ಈ ವ್ಯತ್ಯಾಸ ಮುಖ್ಯವಾಗುತ್ತದೆ.

ಯಾವುದನ್ನು ಇಟ್ಟು ತೂಗಬೇಕು

ನಾನು ಮೊದಲು ನೋಡುವುದು ವಾದ್ಯದ ದನಿಗೆ ಪೆಟ್ಟು ಬೀಳುತ್ತದೆಯೇ ಎಂಬುದನ್ನು. ಸದ್ದು ಹೋಗಿ ರೀಡಿನ ಜೀವವೂ ಹೋದರೆ ಮಾಡಿದ್ದು ದಂಡ. ಆಮೇಲೆ, ಮಾಡಿದ್ದನ್ನು ಹಿಂದಕ್ಕೆ ತರಬಹುದೇ? ಇವು ಮತ್ತೆ ತಯಾರಾಗುವ ವಾದ್ಯಗಳಲ್ಲ, ಕೊರೆದ ತೂತು ಮುಚ್ಚುವುದಿಲ್ಲ. ಖರ್ಚು ಮತ್ತು ಸಮಯ ಹೇಗೂ ಇದ್ದೇ ಇದೆ. ಕೊನೆಯದನ್ನು ಹೆಚ್ಚಿನವರು ಮರೆಯುತ್ತಾರೆ: ರೆಕಾರ್ಡಿಂಗ್ ಯಾವುದಕ್ಕೆ? ತಬಲಾ, ಗಿಟಾರು, ನಾಲ್ಕು ಕಂಠಗಳ ಜೊತೆ ಆರ್ಗನ್ ಹಿಂದೆ ನಿಲ್ಲುವುದಾದರೆ ಮೋಟಾರಿನ ಬಹುಪಾಲು ತಾನಾಗಿ ಮುಚ್ಚಿಹೋಗುತ್ತದೆ. ಆರ್ಗನ್ ಒಂಟಿಯಾಗಿ, ಮೆಲ್ಲಗೆ, ಬಿಡುವು ಬಿಟ್ಟು ನುಡಿಯಬೇಕಾದರೆ ಪ್ರತಿ ಡೆಸಿಬಲ್ಲೂ ಲೆಕ್ಕಕ್ಕೆ ಬರುತ್ತದೆ.

ಮದ್ದಿಗಿಂತ ಮೊದಲು ರೋಗ ಯಾವುದೆಂದು ನೋಡಬೇಕು. ‘ಮೋಟಾರಿನ ಸದ್ದು’ ಎಂದು ನಾವು ಕರೆಯುವುದರಲ್ಲಿ ಮೂರು ಸದ್ದುಗಳಿವೆ. ಒಂದು, ವಿದ್ಯುತ್ತಿನ ಲಯಕ್ಕೆ ಮೋಟಾರಿನ ಕಬ್ಬಿಣ ನಡುಗುವ ಗುನುಗು. ಅಮೆರಿಕದ 60 ಹರ್ಟ್ಸ್ ವಿದ್ಯುತ್ತಿನಲ್ಲಿ ಇದು 120 ಹರ್ಟ್ಸ್ ಮತ್ತು ಅದರ ಮಡಿಗಳಲ್ಲಿ ಇರುತ್ತದೆ, ಭಾರತ ಮತ್ತು ಯುರೋಪಿನ 50 ಹರ್ಟ್ಸಿನಲ್ಲಿ 100 ಮತ್ತು ಅದರ ಮಡಿಗಳಲ್ಲಿ. ಎರಡು, ಫ್ಯಾನಿನ ಗಾಳಿ ಸುಯ್ಯೆನ್ನುವುದು. ಮೂರು, ಸವೆದ ಬುಷ್ (ಮೋಟಾರಿನ ದಂಡ ತಿರುಗುವ ಬಳೆ), ಸಡಿಲ ಸ್ಕ್ರೂ, ಕೊಳೆ ಹಿಡಿದು ಸಮತೋಲ ತಪ್ಪಿದ ಫ್ಯಾನ್ ಹುಟ್ಟಿಸುವ ಗಡಗಡ.

ಪತ್ತೆ ಮಾಡಲು ಹತ್ತು ನಿಮಿಷ ಸಾಕು. ಮೋಟಾರು ಓಡುತ್ತಿರಲಿ, ಯಾವ ಮನೆಯನ್ನೂ ಒತ್ತಬೇಡಿ. ವಾದ್ಯದ ಕೆಳಗೆ ಮಡಚಿದ ಕಂಬಳಿ ಹಾಕಿ ನೋಡಿ. ಸದ್ದು ಎದ್ದು ಕಾಣುವಂತೆ ಇಳಿದರೆ ನಿಮ್ಮ ಮೇಜೇ ತಂಬೂರಿಯ ಬುರುಡೆಯಂತೆ ಅದನ್ನು ಹಿಗ್ಗಿಸುತ್ತಿತ್ತು ಎಂದರ್ಥ. ಗಾಳಿ ಎಳೆದುಕೊಳ್ಳುವ ಜಾಲರಿಯ ಮುಂದೆ ಒಂದು ದಿಂಬನ್ನು ಎರಡು ಸೆಕೆಂಡು ಅಡ್ಡ ಹಿಡಿಯಿರಿ. ಆಗ ಇಳಿದರೆ ತೊಂದರೆ ಗಾಳಿಯದು. ಎರಡರಲ್ಲೂ ಬದಲಾಗದೆ ಕರಕರ ಎನ್ನುತ್ತಿದ್ದರೆ ಅದು ಬುಷ್ಷಿನದು.

ಮೈಕನ್ನು ಸರಿಸುವುದು

ಯಾರೇ ಕೇಳಲಿ, ನಾನು ಮೊದಲು ಹೇಳುವುದು ಇದನ್ನೇ, ಏಕೆಂದರೆ ಇದಕ್ಕೆ ಖರ್ಚಿಲ್ಲ, ವಾದ್ಯ ಬಿಚ್ಚಬೇಕಿಲ್ಲ, ದನಿ ಕೆಡುವುದಿಲ್ಲ. ಲೆಕ್ಕ ನೋಡಿ. ಮೈಕ್ ರೀಡುಗಳಿಂದ 60 ಸೆಂಟಿಮೀಟರ್, ಮೋಟಾರಿನಿಂದ 80 ಸೆಂಟಿಮೀಟರ್ ದೂರದಲ್ಲಿದ್ದರೆ ದೂರದಿಂದ ಸಿಗುವ ಲಾಭ ಬರೀ 2.5 ಡೆಸಿಬಲ್. ಅದನ್ನೇ ರೀಡುಗಳಿಗೆ 15 ಸೆಂಟಿಮೀಟರ್ ಹತ್ತಿರ ತಂದು, ಮೋಟಾರಿನಿಂದ 60ರಲ್ಲಿ ನಿಲ್ಲಿಸಿದರೆ ಲಾಭ 12 ಡೆಸಿಬಲ್. ಪೆಟ್ಟಿಗೆ ಪೂರ್ತಿ ನಡುಗುವ ವಾದ್ಯದಲ್ಲಿ ಲೆಕ್ಕ ಇಷ್ಟು ಕರಾರುವಾಕ್ಕಾಗಿ ಬರುವುದಿಲ್ಲ, ಆದರೂ ಕಿವಿಗೆ ಮೋಟಾರು ಅರ್ಧಕ್ಕೆ ಇಳಿದಂತೆ ಕೇಳುತ್ತದೆ.

ಇದರ ಜೊತೆಗೆ ಮೈಕಿನ ಕುರುಡು ದಿಕ್ಕನ್ನು ಬಳಸಿಕೊಳ್ಳಬೇಕು. ಮುಂದಿನ ಸದ್ದನ್ನೇ ಹೆಚ್ಚು ಹಿಡಿಯುವ ಕಾರ್ಡಿಯಾಯ್ಡ್ ಮೈಕಿಗೆ ಬೆನ್ನ ಹಿಂದೆ ಕಿವಿ ಮಂದ. ಮುಂದೆ, ಹಿಂದೆ ಎರಡೂ ಕಡೆ ಕೇಳಿಸಿಕೊಳ್ಳುವ ಫಿಗರ್-8 ಮೈಕಿಗೆ, ಅಂದರೆ ಹೆಚ್ಚಿನ ರಿಬ್ಬನ್ ಮೈಕುಗಳಿಗೆ, ಎರಡು ಪಕ್ಕಗಳೂ ಬಹುತೇಕ ಕಿವುಡು, ಮತ್ತು ಆ ಕಿವುಡುತನ ಕಾರ್ಡಿಯಾಯ್ಡಿನದಕ್ಕಿಂತ ಆಳವಾದದ್ದು. ಮೋಟಾರು ವಾದ್ಯದ ಒಂದು ಮೂಲೆಯಲ್ಲಿದ್ದರೆ ಫಿಗರ್-8ರ ಪಕ್ಕವನ್ನು ಆ ಮೂಲೆಗೆ ತಿರುಗಿಸಿ, ಹೆಡ್‌ಫೋನ್ ಹಾಕಿಕೊಂಡು, ಕೂದಲೆಳೆಯಷ್ಟು ಅತ್ತಿತ್ತ ತಿರುಗಿಸುತ್ತ ಹೋಗಿ. ಗುನುಗು ಥಟ್ಟನೆ ಬೀಳುವ ಒಂದು ಕೋನ ಸಿಗುತ್ತದೆ. ಆ ಕ್ಷಣ ನನಗೆ ಪ್ರತಿ ಸಲವೂ ಖುಷಿ ಕೊಡುತ್ತದೆ.

ಇದರಲ್ಲೂ ಕೊಡು-ಕೊಳ್ಳುವುದಿದೆ. ಹತ್ತಿರದ ಮೈಕಿಗೆ ಮನೆಗಳ ಟಕಟಕ ಜೋರಾಗಿ ಬೀಳುತ್ತದೆ. ಎದುರಿನ ಸ್ವರಗಳು ದೊಡ್ಡದಾಗಿ, ತುದಿಯ ಸ್ವರಗಳು ಸಣ್ಣದಾಗಿ ಬರುತ್ತವೆ. ಮೂರು ಸಪ್ತಕ ಓಡಾಡುವ ಹಾಡಿಗೆ ಎರಡು ಮೈಕ್ ಇಡುವುದು ಒಳ್ಳೆಯದು. ಹೊಸದಾಗಿ ಕೊಳ್ಳುವವರಿಗೆ 100 ಡಾಲರ್ ಆಸುಪಾಸಿನ ಶ್ಯೂರ್ ಎಸ್‌ಎಂ57ನಂಥ ಡೈನಮಿಕ್ ಮೈಕ್ ಸಾಕು. ಪೆಟ್ಟಿಗೆಗೆ ಅಂಟಿಸುವ ಪೀಜೋ ಪಿಕಪ್ ಮಾತ್ರ ಬೇಡ. ಅದು ಮರದ ನಡುಕವನ್ನೇ ಹಿಡಿಯುವ ಸಾಧನ, ಮೋಟಾರನ್ನು ಮೊದಲು ಹಿಡಿಯುತ್ತದೆ.

ಬಿಚ್ಚಿ, ಒರೆಸಿ, ಎಣ್ಣೆ ಬಿಡುವುದು

ಮೂರನೆಯ ಬಗೆಯ, ಗಡಗಡ ಎನ್ನುವ ಸದ್ದು ಇರುವವರು ಇದನ್ನು ಬಿಟ್ಟು ಬೇರೆ ದಾರಿ ಹಿಡಿಯಬಾರದು. 50 ವರ್ಷ ದಾಟಿದ ಪೆಟ್ಟಿಗೆಯೊಳಗೆ ಸಾಮಾನ್ಯವಾಗಿ ಕಾಣುವುದು ಮೋಟಾರನ್ನು ಹಿಡಿದ ರಬ್ಬರ್ ಬಿಲ್ಲೆಗಳು ಕಲ್ಲಾಗಿರುವುದು, ಸ್ಪಂಜಿನ ಗ್ಯಾಸ್ಕೆಟ್ ಪುಡಿಯಾಗಿ ಉದುರಿರುವುದು, ಫ್ಯಾನಿನ ರೆಕ್ಕೆಗಳಿಗೆ ದೂಳು ಮೆತ್ತಿರುವುದು. ರಬ್ಬರ್ ಕಲ್ಲಾದರೆ ಮೋಟಾರಿನ ನಡುಕ ನೇರ ಪೆಟ್ಟಿಗೆಗೆ ಇಳಿಯುತ್ತದೆ. ಗ್ಯಾಸ್ಕೆಟ್ ಹೋದರೆ ಗಾಳಿ ಸೋರಿ ಸುಯ್ಯೆನ್ನುತ್ತದೆ, ರೀಡಿಗೂ ಒತ್ತಡ ಸಾಲದು.

ಮೊದಲು ಪ್ಲಗ್ ಕೀಳಿ. ಹಳೆಯ ವೈರಿನ ಹೊದಿಕೆ ಬಿರುಕು ಬಿಟ್ಟಿದ್ದರೆ ಎಲೆಕ್ಟ್ರಿಷಿಯನ್ನಿಂದ ಬದಲಿಸಿದ ಮೇಲೇ ಮುಂದಿನ ಕೆಲಸ. ಮೃದುವಾದ ಬ್ರಷ್ಷಿನಿಂದ ಫ್ಯಾನ್ ಒರೆಸಿ, ಕಲ್ಲಾದ ರಬ್ಬರಿನ ಜಾಗಕ್ಕೆ ಅದೇ ಅಳತೆಯ ಹೊಸ ಬಿಲ್ಲೆ ಹಾಕಿ. ಬುಷ್ಷಿನ ಸುತ್ತ ಇರುವ ಫೆಲ್ಟಿಗೆ ಎರಡು ಹನಿ ಮೋಟಾರ್ ಎಣ್ಣೆ ಬಿಟ್ಟು, ಕೈಯಿಂದ ತಿರುಗಿಸಿ, ಒಂದು ಗಂಟೆ ಹಾಗೇ ಬಿಡಿ. ಅಮೆರಿಕದಲ್ಲಿ ನೀಲಿ ಡಬ್ಬಿಯ 3-ಇನ್-ಒನ್ ಮೋಟಾರ್ ಆಯಿಲ್, ಎಸ್‌ಎಇ 20, ಸಿಗುತ್ತದೆ. ಊರಲ್ಲಿರುವವರಿಗೆ ಹೊಲಿಗೆಯಂತ್ರದ ಎಣ್ಣೆ ನಡೆಯುತ್ತದೆ. ಡಬ್ಲ್ಯೂಡಿ-40 ಹಾಕಬೇಡಿ. ಅದು ಇದ್ದ ಎಣ್ಣೆಯನ್ನು ತೊಳೆದು ಬೇಗ ಆರುತ್ತದೆ, ನಾಲ್ಕು ದಿನಕ್ಕೆ ಕರಕರ ಇನ್ನೂ ಜೋರಾಗಿ ಮರಳುತ್ತದೆ. ಹನಿ ಹೆಚ್ಚಾದರೂ ಕಷ್ಟವೇ, ಫ್ಯಾನ್ ಅದನ್ನು ರೀಡುಗಳತ್ತ ಸಿಡಿಸುತ್ತದೆ.

ಖರ್ಚು ಹತ್ತಿಪ್ಪತ್ತು ಡಾಲರ್, ಹೋಗುವುದು ಒಂದು ಮಧ್ಯಾಹ್ನ. ದನಿಗೆ ಕೆಡುಕಿಲ್ಲ, ವಾದ್ಯದ ಆಯುಷ್ಯವೂ ಹೆಚ್ಚುತ್ತದೆ. ರೆಕಾರ್ಡ್ ಮಾಡುವ ಯೋಚನೆ ಇಲ್ಲದವರಿಗೂ ನಾನು ಇದನ್ನು ಹೇಳುತ್ತೇನೆ. ಗಾಳಿಯ ಸುಯ್ಯನ್ನು ಮಾತ್ರ ಇದು ಅಷ್ಟಾಗಿ ಇಳಿಸದು, ಅದು ಆ ಫ್ಯಾನಿನ ಹುಟ್ಟುಗುಣ.

ಮೋಟಾರಿನ ವೇಗ ಇಳಿಸುವುದು

ವೇರಿಯಾಕ್ (ವೋಲ್ಟೇಜನ್ನು ಬೇಕಾದಷ್ಟಕ್ಕೆ ಹೊಂದಿಸುವ ಟ್ರಾನ್ಸ್‌ಫಾರ್ಮರ್) ಹಾಕಿ ವೋಲ್ಟೇಜ್ ತಗ್ಗಿಸಿದರೆ ಫ್ಯಾನ್ ನಿಧಾನವಾಗಿ ಸದ್ದು ಇಳಿಯುತ್ತದೆ. ಫ್ಯಾನುಗಳ ನಿಯಮದಂತೆ ವೇಗವನ್ನು 20% ಇಳಿಸಿದರೆ ಸದ್ದು ಸುಮಾರು 5 ಡೆಸಿಬಲ್ ಕಡಿಮೆ. ಒತ್ತಡ ಮಾತ್ರ ವೇಗದ ವರ್ಗದಂತೆ ಬೀಳುತ್ತದೆ, 100 ಇದ್ದದ್ದು 64ಕ್ಕೆ. ಮಂದ್ರದ ದಪ್ಪ ರೀಡುಗಳು ತಡವಾಗಿ ಬಾಯಿ ಬಿಡುತ್ತವೆ, ಕಾರ್ಡ್ ಗುಂಡಿ ಒತ್ತಿದಾಗ ಸ್ವರ ಸೊರಗುತ್ತದೆ, ಶ್ರುತಿಯೂ ತುಸು ಸರಿಯುತ್ತದೆ. 5 ಡೆಸಿಬಲ್ಲಿಗೆ ಇದು ದುಬಾರಿ. ಒಂದೊಂದೇ ಸ್ವರದ ನಿಧಾನ ಆಲಾಪಕ್ಕೆ ಆದೀತು, ಅದಕ್ಕಿಂತ ಹೆಚ್ಚಿಗೆ ನಾನು ಒಪ್ಪುವುದಿಲ್ಲ. ದೀಪದ ಡಿಮ್ಮರನ್ನಂತೂ ಬಳಸಬೇಡಿ. ಅದು ವಿದ್ಯುತ್ತಿನ ಅಲೆಯನ್ನೇ ಕತ್ತರಿಸಿ ಹೊಸ ಝೇಂಕಾರ ಹುಟ್ಟಿಸುತ್ತದೆ.

ಅಮೆರಿಕದ ಆರ್ಗನ್ನನ್ನು ಊರಿಗೆ ಒಯ್ದವರು ಗೊತ್ತಿಲ್ಲದೆ ಇದನ್ನೇ ಮಾಡಿರುತ್ತಾರೆ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಬದಲಿಸುತ್ತದೆ, 50 ಹರ್ಟ್ಸನ್ನು 60 ಮಾಡುವುದಿಲ್ಲ. ಮೋಟಾರು ಸುಮಾರು 17% ನಿಧಾನ ತಿರುಗುತ್ತದೆ, ಗಾಳಿಯ ಒತ್ತಡ 69%ಕ್ಕೆ ಇಳಿಯುತ್ತದೆ, ಮೋಟಾರು ಬಿಸಿಯಾಗುತ್ತದೆ. 120 ವೋಲ್ಟಿನ ಮೋಟಾರಿಗೆ ಅಲ್ಲಿ 100 ವೋಲ್ಟ್ ಕೊಡುವ ಟ್ಯಾಪ್ (ಹೊರತುದಿ) ಇರುವ ಟ್ರಾನ್ಸ್‌ಫಾರ್ಮರ್ ಮೇಲು, ಬಿಸಿಯೂ ಗುನುಗೂ ಹತೋಟಿಗೆ ಬರುತ್ತವೆ. ಟ್ರಾನ್ಸ್‌ಫಾರ್ಮರನ್ನು ಪಕ್ಕದ ಕೋಣೆಯಲ್ಲಿಡಿ, ಅದೂ ಗುಂಯ್‌ಗುಡುವ ವಸ್ತುವೇ.

ಮೋಟಾರನ್ನೇ ಹೊರಗಿಡುವುದು

ಮನೆಯ ಸ್ಟುಡಿಯೋದಲ್ಲಿ ಆರ್ಗನ್ನೇ ಮುಖ್ಯವಾಗಿ ಇಡೀ ಆಲ್ಬಂ ಮಾಡುವವರ ದಾರಿ ಇದು. ಗಾಳಿಯ ಮೂಲವನ್ನು ಬೇರೆ ಕೋಣೆಗೋ ಬೀರುವಿಗೋ ಸಾಗಿಸಿ, 32ರಿಂದ 38 ಮಿಲಿಮೀಟರ್ ಅಗಲದ ಕೊಳವೆಯಿಂದ ಪೆಟ್ಟಿಗೆಗೆ ಗಾಳಿ ತರುವುದು. ಸರಿಯಾಗಿ ಆದರೆ ಬೇರೆ ಯಾವುದೂ ಇದರ ಹತ್ತಿರ ಬರುವುದಿಲ್ಲ, ಏಕೆಂದರೆ ಮೈಕ್ ಇರುವ ಕೋಣೆಯಲ್ಲಿ ಮೋಟಾರೇ ಇಲ್ಲ.

ಎಡವುವ ಜಾಗಗಳೂ ಇಲ್ಲೇ ಹೆಚ್ಚು. ಕಂಪ್ಯೂಟರಿನ ಸಾಮಾನ್ಯ ಫ್ಯಾನ್ ಹಾಕಿ ಸೋತವರು ಬಹಳ. ಅಂಥ ಅಕ್ಷೀಯ ಫ್ಯಾನ್ ಕೊಡುವ ಒತ್ತಡ ಎರಡು-ಮೂರು ಮಿಲಿಮೀಟರ್ ನೀರಿನಷ್ಟು, ರೀಡು ನುಡಿಯಲು ಅದು ಏನೇನೂ ಸಾಲದು. ಬಸವನಹುಳುವಿನ ಆಕಾರದ ರೇಡಿಯಲ್ ಬ್ಲೋವರ್ ಬೇಕು. ಎಷ್ಟು ಒತ್ತಡ ಬೇಕೆಂದು ಊಹಿಸಬೇಡಿ, ಅಳೆಯಿರಿ. ಪಾರದರ್ಶಕ ಕೊಳವೆಯನ್ನು ‘ಯು’ ಆಕಾರಕ್ಕೆ ಬಗ್ಗಿಸಿ, ಅರ್ಧ ನೀರು ತುಂಬಿ, ಒಂದು ತುದಿಯನ್ನು ಆರ್ಗನ್ನಿನ ಗಾಳಿಗೂಡಿಗೆ ಸೋರದಂತೆ ಹಿಡಿಯಿರಿ. ಎರಡು ಕಡೆಯ ನೀರಿನ ಮಟ್ಟದ ಅಂತರವೇ ನಿಮ್ಮ ಒತ್ತಡ. ಒಂದು ಸಲ ಮನೆಗಳನ್ನು ಒತ್ತದೆ, ಇನ್ನೊಂದು ಸಲ ದೊಡ್ಡ ಕಾರ್ಡ್ ಒತ್ತಿ ಬರೆದುಕೊಳ್ಳಿ. ಹೊಸ ಬ್ಲೋವರ್ ಎರಡನೆಯ ಅಂಕಿಯನ್ನು ಗಾಳಿ ಹರಿಯುತ್ತಿರುವಾಗಲೇ ಕೊಡಬೇಕು, ಕೊಳವೆಯಲ್ಲಿ ಆಗುವ ನಷ್ಟ ಕಳೆದು. ವ್ಯಾಕ್ಯೂಮ್ ಕ್ಲೀನರಿನ ಮೋಟಾರಾದರೆ ಶಕ್ತಿ ಅತಿಯಾಗುತ್ತದೆ, ಹೆಚ್ಚಿನ ಗಾಳಿಯನ್ನು ಬಿಟ್ಟುಬಿಡುವ ಕವಾಟ ಕೂರಿಸದೆ ಜೋಡಿಸಿದರೆ ರೀಡು ಒಡೆಯಬಹುದು. ಊದುವ ವಾದ್ಯವೋ ಹೀರುವ ವಾದ್ಯವೋ ಎಂದು ಮೊದಲೇ ಖಚಿತ ಮಾಡಿಕೊಳ್ಳಿ.

ಇನ್ನೊಂದು ವಿಷಯ ಮೊದಲ ಸಲ ನನ್ನನ್ನು ಬೆರಗಾಗಿಸಿತ್ತು. ಫ್ಯಾನಿನ ಸದ್ದು ಕೊಳವೆಯೊಳಗಿಂದಲೇ ನಡೆದು ಬಂದು ರೀಡುಗಳ ಕಿಂಡಿಯಿಂದ ಹೊರಗೆ ಬೀಳುತ್ತದೆ. ಕೊಳವೆಯ ನಡುವೆ ಒಂದು ಅಗಲವಾದ ಡಬ್ಬಿ ಇಟ್ಟು, ಅದರೊಳಗೆ ತೂತು ತೂತಿನ ಪೈಪು, ಸುತ್ತ ದಪ್ಪ ಸ್ಪಂಜು ತುಂಬಿದರೆ ಅದು ಸೈಲೆನ್ಸರಿನಂತೆ ಕೆಲಸ ಮಾಡುತ್ತದೆ.

ಬೇರೆ ಕೋಣೆ ಇಲ್ಲದವರು ದಪ್ಪ ಪ್ಲೈವುಡ್ಡಿನ ಪೆಟ್ಟಿಗೆ ಮಾಡಿ, ಒಳಗೆ ಸದ್ದು ಹೀರುವ ರಾಕ್‌ವೂಲ್ ಹೊದಿಸಿ, ಗಾಳಿ ಬರುವ ದಾರಿಯನ್ನು ಎರಡು ಕಡೆ ತಿರುವಬಹುದು. ಆ ದಾರಿ ಮೂಲ ಕಿಂಡಿಗಿಂತ ಎಲ್ಲೂ ಇಕ್ಕಟ್ಟಾಗಕೂಡದು. ಈ ಸಣ್ಣ ಮೋಟಾರುಗಳು ತಣ್ಣಗಿರುವುದೇ ಹರಿಯುವ ಗಾಳಿಯಿಂದ, ಉಸಿರುಗಟ್ಟಿಸಿದರೆ ಸುಟ್ಟುಹೋಗುತ್ತವೆ. ದಿಂಬಿನ ಪರೀಕ್ಷೆಯಲ್ಲಿ ಎರಡೇ ಸೆಕೆಂಡು ಎಂದದ್ದೂ ಇದಕ್ಕೇ.

ಬ್ಲೋವರ್, ಕೊಳವೆ, ಮರ ಸೇರಿ ಖರ್ಚು ವಾದ್ಯದ ಬೆಲೆಯನ್ನು ಎಷ್ಟೋ ಪಾಲು ಮೀರುತ್ತದೆ, ಎರಡು ಮೂರು ವಾರಾಂತ್ಯಗಳೂ ಹೋಗುತ್ತವೆ. ಮೂಲ ಮೋಟಾರನ್ನು ಅದರ ಸ್ಕ್ರೂಗಳ ಸಮೇತ ಡಬ್ಬಿಯಲ್ಲಿಟ್ಟು ಹೆಸರು ಬರೆದಿಡಿ. ಪೆಟ್ಟಿಗೆಗೆ ಹೊಸ ತೂತು ಕೊರೆಯದೆ, ಮೋಟಾರು ಕೂತಿದ್ದ ಜಾಗಕ್ಕೇ ಹೊಂದುವ ಒಂದು ಹಲಗೆ ಮಾಡಿ ಅದಕ್ಕೆ ಕೊಳವೆ ಜೋಡಿಸಿ.

ಸಾಫ್ಟ್‌ವೇರ್

ಸುಲಭ ಎಂದು ಎಲ್ಲರೂ ಮೊದಲು ಇಲ್ಲಿಗೇ ಬರುತ್ತಾರೆ. ನಾನು ಇದನ್ನು ಕೊನೆಗೆ ಇಟ್ಟಿದ್ದೇನೆ. ಆಡಾಸಿಟಿ ಉಚಿತ, ಅದರ ನಾಯ್ಸ್ ರಿಡಕ್ಷನ್ ಕೆಟ್ಟದ್ದಲ್ಲ. ಐಜೋಟೋಪ್ ಆರ್‌ಎಕ್ಸ್ ದುಡ್ಡು ಕೇಳುತ್ತದೆ, ಹೆಚ್ಚು ನಯವಾಗಿ ಮಾಡುತ್ತದೆ. ಎರಡೂ ಬರೀ ಸದ್ದಿನ ಒಂದು ತುಣುಕನ್ನು ಮಾದರಿಯಾಗಿ ಪಡೆದು, ಇಡೀ ಹಾಡಿನಿಂದ ಅದನ್ನು ಕಳೆಯುತ್ತವೆ.

ಆರ್ಗನ್ನಿನಲ್ಲಿ ಈ ಮಾದರಿ ಪೂರ್ತಿ ಹೊಂದುವುದೇ ಇಲ್ಲ. ವ್ಯಾಕ್ಯೂಮ್ ಕ್ಲೀನರಿನ ಬಾಯಿ ಮುಚ್ಚಿದಾಗ ಅದರ ಸ್ವರ ಮೇಲೇರುವುದನ್ನು ಕೇಳಿದ್ದೀರಲ್ಲ? ಗಾಳಿ ಹರಿಯದಿದ್ದರೆ ಫ್ಯಾನಿಗೆ ಹೊರೆ ಕಡಿಮೆ, ವೇಗ ಹೆಚ್ಚು. ಮನೆ ಒತ್ತದೆ ಸುಮ್ಮನಿರುವ ಆರ್ಗನ್ನೂ ಹಾಗೆಯೇ. ಕಾರ್ಡ್ ಹಿಡಿದ ಕೂಡಲೇ ಗಾಳಿ ಹರಿದು ಮೋಟಾರು ತುಸು ಇಳಿಯುತ್ತದೆ. ಮೌನದಲ್ಲಿ ತೆಗೆದ ಮಾದರಿ ನುಡಿಸುವಾಗಿನ ಸದ್ದಿಗೆ ಸರಿಹೊಂದದೆ, ಬಲವಾಗಿ ಕಳೆಯಹೊರಟರೆ ನೀರೊಳಗಿನ ಗುಳುಗುಳು ಉಳಿಯುತ್ತದೆ. ರೀಡಿನ ಸದ್ದಿನಲ್ಲಿರುವ ಗಾಳಿಯ ಉಸಿರೂ ಮೋಟಾರಿನ ಸುಯ್ಯಿಗೆ ಹತ್ತಿರದ್ದು, ಎರಡೂ ಒಟ್ಟಿಗೆ ಹೋಗಿ ವಾದ್ಯ ಪ್ಲಾಸ್ಟಿಕ್ ಆಟಿಕೆಯಂತಾಗುತ್ತದೆ. 6 ಡೆಸಿಬಲ್ಲಿನವರೆಗೆ ಕಳೆಯಿರಿ, 20 ಬೇಡ.

ಗುನುಗನ್ನು ಸಣ್ಣ ನಾಚ್ ಫಿಲ್ಟರಿನಿಂದ, ಅಂದರೆ ಒಂದೇ ಕಂಪನಾಂಕದ ಸುತ್ತ ಮಾತ್ರ ಕತ್ತರಿಸುವ ಫಿಲ್ಟರಿನಿಂದ, ಕಡಿಯುವಾಗ ನಿಮ್ಮ ಶ್ರುತಿ ನೋಡಿಕೊಳ್ಳಿ. 50 ಹರ್ಟ್ಸಿನ ದೇಶಗಳಲ್ಲಿ ಗುನುಗು 100 ಮತ್ತು 200ರಲ್ಲಿರುತ್ತದೆ. ಬಿಳಿ ಐದರ, ಅಂದರೆ ಹಾರ್ಮೋನಿಯಂ ಸಪ್ತಕದ ಐದನೆಯ ಬಿಳಿ ಮನೆಯ (ಪಾಶ್ಚಾತ್ಯ ಜಿ), ಸ್ವರಗಳು 98 ಮತ್ತು 196. ಎಷ್ಟು ಹತ್ತಿರ ಎಂದರೆ, ಬಿಳಿ ಐದನ್ನು ಹಿಡಿದಾಗ ಗುನುಗು ಅದರ ಜೊತೆ ಸೆಕೆಂಡಿಗೆ ನಾಲ್ಕು ಸಲ ಅಲೆಯುವುದನ್ನು ಕೇಳಬಹುದು. ಅಲ್ಲಿ ಫಿಲ್ಟರ್ ಹಾಕಿದರೆ ಸ್ವರಕ್ಕೇ ಏಟು, ಹಾಡನ್ನು ಬೇರೆ ಶ್ರುತಿಗೆ ಸರಿಸುವುದು ವಾಸಿ. ಅಮೆರಿಕದಲ್ಲಿ 120 ಮತ್ತು 240 ಹರ್ಟ್ಸ್ ಕಪ್ಪು ಐದು ಮತ್ತು ಬಿಳಿ ಏಳರ ನಡುವೆ ಬೀಳುವುದರಿಂದ ಫಿಲ್ಟರಿಗೆ ಜಾಗ ಹೆಚ್ಚು. ಸದ್ದು ಒಂದು ಮಟ್ಟಕ್ಕಿಂತ ಇಳಿದಾಗ ಪೂರ್ತಿ ಮುಚ್ಚಿಬಿಡುವ ನಾಯ್ಸ್ ಗೇಟ್ ಯಾರಿಗೂ ಬೇಡ. ಬಿಡುವಿನಲ್ಲಿ ಮೋಟಾರು ಥಟ್ಟನೆ ಮಾಯವಾಗಿ ಮತ್ತೆ ಬರುವುದು, ಅದು ಇದ್ದೇ ಇರುವುದಕ್ಕಿಂತ ಹೆಚ್ಚು ಕಿವಿ ಚುಚ್ಚುತ್ತದೆ.

ಒಂದೊಂದು ಸ್ವರವನ್ನೂ ಹತ್ತು ಸೆಕೆಂಡು ರೆಕಾರ್ಡ್ ಮಾಡಿ, ತೊಳೆದು, ಕಂಪ್ಯೂಟರಿಗೆ ಜೋಡಿಸುವ ಮಿಡಿ ಕೀಬೋರ್ಡಿನಲ್ಲಿ ನುಡಿಸುವವರೂ ಇದ್ದಾರೆ. ಸದ್ದು ಶುದ್ಧ. ಕಾರ್ಡ್ ಒತ್ತಿದಾಗ ಗಾಳಿ ಹಂಚಿಹೋಗಿ ಎಲ್ಲ ಸ್ವರಗಳೂ ಒಟ್ಟಿಗೆ ಸ್ವಲ್ಪ ಬಾಗುವ ಆ ಗುಣ ಸಿಗುವುದಿಲ್ಲ, ನನಗೆ ಈ ವಾದ್ಯ ಬೇಕಿರುವುದೇ ಆ ಬಾಗಿಗಾಗಿ.

ನಿಮಗೆ ಯಾವುದು

ಕೈಯಲ್ಲಿ ದುಡ್ಡಿಲ್ಲ, ಹಾಡಿನಲ್ಲಿ ಬೇರೆ ವಾದ್ಯಗಳಿವೆ ಎಂದಾದರೆ ಕಂಬಳಿ, ಹತ್ತಿರದ ಮೈಕ್, ಆರ್ಗನ್ನಿನ ಅತಿ ಕೆಳಗಿನ ಸ್ವರಕ್ಕಿಂತ ಕೆಳಗಿನದನ್ನೆಲ್ಲ ಕಡಿಯುವ ಹೈಪಾಸ್ ಫಿಲ್ಟರ್, ಇಷ್ಟಕ್ಕೇ ನಿಲ್ಲಿಸಿ. ಒಂಟಿ ಆರ್ಗನ್ನಿನ ಒಂದೆರಡು ಹಾಡಿಗೆ ಸರ್ವಿಸಿಂಗ್ ಮತ್ತು ಫಿಗರ್-8 ಮೈಕ್ ಜೋಡಿ ನನ್ನ ಆಯ್ಕೆ, ಮೇಲೆ ಐದಾರು ಡೆಸಿಬಲ್ಲಿನ ಸಾಫ್ಟ್‌ವೇರ್. ವರ್ಷವಿಡೀ ಇದೇ ವಾದ್ಯದಲ್ಲಿ ಕೆಲಸ ಮಾಡುವವರು ಮಾತ್ರ ಮೋಟಾರನ್ನು ಹೊರಗೊಯ್ಯುವ ಶ್ರಮಕ್ಕೆ ಇಳಿಯಲಿ. ಅಜ್ಜ-ಅಜ್ಜಿಯಿಂದ ಬಂದ ವಾದ್ಯವಾದರೆ ಎಣ್ಣೆ, ರಬ್ಬರಿಗಿಂತ ಮುಂದೆ ಹೋಗಬೇಡಿ. ರೀಡಿನ ದನಿ ಬೇಕು, ಆ ನಿರ್ದಿಷ್ಟ ಬಣ್ಣವೇ ಆಗಬೇಕೆಂದಿಲ್ಲ ಎನ್ನುವವರು ಕೈತಿದಿಯ ನಮ್ಮ ಹಾರ್ಮೋನಿಯಂ ತೆಗೆದುಕೊಳ್ಳಲಿ. ಹಿತ್ತಾಳೆ ರೀಡಿನ ಅದರ ಕಂಠ ಬೇರೆ, ಆದರೆ ಮೋಟಾರಿನ ಮಾತೇ ಬರುವುದಿಲ್ಲ.

ಆ ದೇವರನಾಮವನ್ನು ನಾನು ಮತ್ತೆ ರೆಕಾರ್ಡ್ ಮಾಡಿದೆ, ಎಣ್ಣೆ ಬಿಟ್ಟು, ಹೊಸ ರಬ್ಬರ್ ಹಾಕಿ, ರಿಬ್ಬನ್ ಮೈಕಿನ ಪಕ್ಕವನ್ನು ಮೋಟಾರಿಗೆ ತೋರಿಸಿ. ಆಗ ರೂಢಿಯಾದದ್ದನ್ನು ಈಗಲೂ ಬಿಟ್ಟಿಲ್ಲ. ನುಡಿಸುವ ಹತ್ತು ನಿಮಿಷ ಮೊದಲೇ ಮೋಟಾರು ಹಾಕಿಡುತ್ತೇನೆ, ಎಣ್ಣೆ ಬೆಚ್ಚಗಾಗಿ ವೇಗ ಒಂದು ಹದಕ್ಕೆ ನಿಲ್ಲುತ್ತದೆ. ಆಮೇಲೆ 30 ಸೆಕೆಂಡು ಬರೀ ಮೋಟಾರನ್ನೇ ರೆಕಾರ್ಡ್ ಮಾಡಿಕೊಂಡು, ನಿಲ್ಲಿಸದೆ ಹಾಡಿಗೆ ಹೋಗುತ್ತೇನೆ. ಕಳೆಯಲು ಮಾದರಿಯೂ ಅದೇ. ಎರಡು ಟೇಕುಗಳನ್ನು ಕತ್ತರಿಸಿ ಅಂಟಿಸುವಾಗ ನಡುವೆ ಹಳ್ಳ ಬೀಳದಂತೆ ತುಂಬುವುದೂ ಅದನ್ನೇ.